ಮೈಕಮ್ಮನ ಸರದಿ

ನಮ್ಮತ್ತೆಯ ಮುಖ ಊರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ದನಿ ಮಾತ್ರ ಎಲ್ಲರಿಗೂ ಗೊತ್ತು. ಬಸ್ ನಿಲ್ದಾಣದ ಒಂದು ಮೂಲೆಯಲ್ಲಿ, ಮೆಟ್ಟಿಲು ಹತ್ತಿ ಹೋದರೆ, ಪಾರಿವಾಳದ ಗೂಡಿನಂಥ ಗಾಜಿನ ಕೋಣೆ ಇದೆ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ, ಯಾರ ಪರ್ಸು ಸಿಕ್ಕಿದೆ, ಯಾರ ಮಗು ಅಮ್ಮನನ್ನು ಕಳೆದುಕೊಂಡು ಅಳುತ್ತಾ ನಿಂತಿದೆ ಎಂದು ಅದರೊಳಗೆ ಕೂತು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಊರವರು ಅವಳನ್ನು ಮೈಕಮ್ಮ ಅನ್ನುತ್ತಾರೆ. ಅಂಗಡಿಗೆ ಹೋಗಿ 'ಅರ್ಧ ಕೆಜಿ ಸಕ್ಕರೆ ಕೊಡಿ' ಅಂದರೆ ಸಾಕು, ಅಲ್ಲಿ ನಿಂತವರೆಲ್ಲ ಥಟ್ಟನೆ ತಿರುಗಿ, ತಮ್ಮ ಬಸ್ಸು ಬಂದೇಬಿಟ್ಟಿತೇನೋ ಎಂಬಂತೆ ಚೀಲ ಎತ್ತಿಕೊಳ್ಳುತ್ತಾರೆ.

ಅತ್ತೆ ಎಂದರೆ ಅಪ್ಪನ ತಂಗಿ. ಐವತ್ತರ ಹತ್ತಿರ ಬಂದಿದ್ದಾಳೆ, ಮದುವೆಯಾಗಿಲ್ಲ. ಕಾಲೇಜಿಗೆ ಸೇರಿದಾಗಿನಿಂದ ನಾನು ಅವಳ ಮನೆಯಲ್ಲೇ ಇದ್ದೇನೆ. ಟೈರು ಅಂಗಡಿಯ ಮೇಲಿನ ಎರಡು ಕೋಣೆ. ಒಗೆದ ಬಟ್ಟೆಗೂ ರಬ್ಬರಿನ ವಾಸನೆ. ನನಗೋ ಬಾಯಿ ಮುಚ್ಚಿ ಕೂರಲು ಬರುವುದಿಲ್ಲ, ಅದಕ್ಕೇ ಅವಳು ನನ್ನನ್ನು ರೇಡಿಯೋ ಎಂದು ಕರೆಯುತ್ತಾಳೆ. 'ಒಂದೇ ಮನೇಲಿ ಮೈಕೂ ಇದೆ, ರೇಡಿಯೋನೂ ಇದೆ. ಪಾಪ, ಕೇಳಿಸ್ಕೊಳ್ಳೋರೇ ಇಲ್ಲ' ಎಂದು ಟೈರು ಅಂಗಡಿಯ ಮಾಮ ನಗುತ್ತಿದ್ದರು. ಮೈಕು ಮನೆಗೆ ಬಂದ ತಕ್ಷಣ ಆಫ್ ಆಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗಂಟಲು ಉಳಿಸಿಕೊಳ್ಳಬೇಕಲ್ಲ ಎಂದು ಅತ್ತೆ ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. ಉಪ್ಪುನೀರು ಮುಕ್ಕಳಿಸಿ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಮುಗಿಯಿತು. ನಾನು ಕಾಲೇಜಿನ ಕಥೆಯನ್ನೆಲ್ಲ ಒದರುತ್ತಿದ್ದೆ, ಅವಳು ಹುಬ್ಬಿನಲ್ಲೇ ಹ್ಞೂಂ, ಉಹ್ಞೂಂ ಅನ್ನುತ್ತಿದ್ದಳು.

ಆ ವರ್ಷ ದೇಶಕ್ಕೆಲ್ಲ ಒಟ್ಟಿಗೇ ಒಂದು ಯೋಜನೆ ಬಂತು. ಮೂವತ್ತು ದಾಟಿದ ಪ್ರತಿಯೊಬ್ಬ ಹೆಂಗಸಿಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ಉಚಿತವಾಗಿ, ಅವರವರ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ. ಅದನ್ನು ಊರಿಗೆ ಸಾರಬೇಕಿತ್ತು. ಸಾರುವುದಕ್ಕೆ ನಮ್ಮೂರಲ್ಲಿ ಬೇರೆ ಯಾರಿದ್ದಾರೆ? ಯೋಜನೆಯ ಮೇಡಂ ಒಬ್ಬರು ಸೀದಾ ಗಾಜಿನ ಕೋಣೆಗೆ ಹತ್ತಿ ಹೋಗಿ ಅತ್ತೆಯ ಕೈಗೆ ಕಾಗದ ಕೊಟ್ಟರು.

ಅತ್ತೆ ಅದನ್ನು ಮನೆಗೆ ತಂದು, ಕನ್ನಡಿಯ ಮುಂದೆ ನಿಂತು ಓದಿ ಓದಿ ಅಭ್ಯಾಸ ಮಾಡಿದಳು. ಮನೆಯಲ್ಲಿ ಅವಳು ಅಷ್ಟು ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

'ಮೂವತ್ತು ದಾಟಿದ ತಾಯಂದಿರೇ, ಅಕ್ಕಂದಿರೇ, ತಂಗಿಯರೇ. ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಕಂಡುಹಿಡಿಯಬಹುದು. ಪರೀಕ್ಷೆ ಕೆಲವೇ ನಿಮಿಷದ್ದು. ನಿಮ್ಮ ಗುಟ್ಟು ನಿಮ್ಮಲ್ಲೇ ಉಳಿಯುತ್ತದೆ. ಮುಟ್ಟು ನಿಂತ ಮೇಲೂ ರಕ್ತ ಕಂಡರೆ ಕಾಯಬೇಡಿ, ಬನ್ನಿ.'

ಓದಿ ಮುಗಿಸಿ ನನ್ನ ಕಡೆ ತಿರುಗಿದಳು. 'ಅಲ್ಲಿಗೂ ಒಂದು ಕಂಠ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ.'

'ಅದಕ್ಕೂ ಉಪ್ಪುನೀರು ಹಾಕು' ಅಂದೆ. ದಿಂಬು ಎಸೆದಳು.

ಮಾರನೆಯ ವಾರದಿಂದ ರೆಕಾರ್ಡ್ ಮಾಡಿಕೊಂಡ ಆ ದನಿ ಒಂದು ವ್ಯಾನು ಹತ್ತಿ ಬೀದಿ ಬೀದಿ ತಿರುಗಿತು. ಹಾಲಿನ ಅಂಗಡಿಯ ಮುಂದೆ, ಶಾಲೆಯ ಹಿಂದೆ, ನಮ್ಮ ಕಿಟಕಿಯ ಕೆಳಗೆ. ನಮ್ಮ ಕಾಲೇಜಿನವರು ನಮ್ಮನ್ನೆಲ್ಲ ಸ್ವಯಂಸೇವಕಿಯರೆಂದು ಕೇಂದ್ರಕ್ಕೆ ಅಟ್ಟಿದರು. ನನಗೂ ನನ್ನ ಗೆಳತಿ ಲಂಬುವಿಗೂ ಟೋಕನ್ ಕೊಡುವ ಕೆಲಸ. ಲಂಬು ಎಂದರೆ ನಮ್ಮ ಕ್ಲಾಸಿನಲ್ಲೇ ಎತ್ತರದವಳು. ಫ್ಯಾನು ಒರೆಸಲು ಅವಳಿಗೆ ಸ್ಟೂಲು ಬೇಡ. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ, ಅದರಲ್ಲಿ ಮಾತ್ರ ನನ್ನದೇ ಜೋಡಿ.

ಕೇಂದ್ರದ ಏರ್ಪಾಡು ನೋಡಿ ನಾವಿಬ್ಬರೂ ಬೆರಗಾಗಿದ್ದೆವು. ಯಾರ ಮುಖವೂ ಯಾರಿಗೂ ಕಾಣಬಾರದು ಎಂದು ಮೇಡಂ ಪಟ್ಟು ಹಿಡಿದಿದ್ದರು. ಹೆಸರು ಕೂಗುವಂತಿಲ್ಲ, ಟೋಕನ್ ನಂಬರ್ ಅಷ್ಟೆ. ವಯಸ್ಸು, ವಿಳಾಸ ಎಲ್ಲ ಮೊದಲೇ ಮನೆಗೆ ಬಂದು ಬರೆದುಕೊಂಡಿರುತ್ತಾರೆ. ಸರದಿ ಬಂದವರು ಕಾಯುವ ಹಾಲಿನಿಂದ ಎದ್ದು ಹೊರಗೆ ಹೋಗಿ, ಹಿಂದಿನ ಓಣಿಯಿಂದ ಒಳಗೆ ಬರಬೇಕು. ಅಲ್ಲಿ ಗೋಡೆಯಿಂದ ಗೋಡೆಗೆ ಒಂದು ದಪ್ಪ ಹಸಿರು ಪರದೆ. ಅದರ ಆಚೆ ಸಿಸ್ಟರ್ ಕೂತು ಪ್ರಶ್ನೆ ಕೇಳುತ್ತಾರೆ, ಆಮೇಲೆ ಪಕ್ಕದ ಕೋಣೆಯಲ್ಲಿ ಪರೀಕ್ಷೆ. ಮುಸುಕು ಹಾಕಿಕೊಂಡು ಬಂದರೂ ಬೇಡ ಅನ್ನುವುದಿಲ್ಲ. 'ನೋಡಿ, ಇಲ್ಲಿ ಯಾರನ್ನೂ ಯಾರೂ ಗುರುತು ಹಿಡಿಯೋಕಾಗಲ್ಲ' ಎಂದು ಮೇಡಂ ಪರದೆಯನ್ನು ತಟ್ಟಿ ತಟ್ಟಿ ತೋರಿಸುತ್ತಿದ್ದರು. ಪರದೆಯ ಈಚೆ ಬೆಂಚುಗಳು, ಬೆಂಚಿನ ತುಂಬ ಹೆಂಗಸರು. ಆಚೆಯ ಮಾತು ಈಚೆಗೆ ಕೇಳುತ್ತಿತ್ತು. ಆದರೆ ಯಾರದೆಂದು ತಿಳಿಯದ ಮಾತಿನಿಂದ ಯಾರಿಗೇನು ತೊಂದರೆ?

ಈ ನಡುವೆ ಮನೆಯಲ್ಲಿ ಒಂದು ದಿನ ಒಗೆಯಲು ನೆನೆಸಿದ್ದ ಬಕೆಟ್ಟಿನ ನೀರು ಕೆಂಪಗಿದ್ದದ್ದನ್ನು ಕಂಡೆ. ಅತ್ತೆಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ನಿಂತಾಗ 'ಒಂದು ತಲೆನೋವು ಕಳೀತು' ಎಂದು ಅವಳೇ ಹೇಳಿದ್ದಳು.

'ಅತ್ತೆ, ಇದೇನಿದು?'

'ವಯಸ್ಸಾಯ್ತಲ್ಲ, ಮೆಷಿನ್ನು ಹಳೇದು.'

'ನೀನೇ ದಿನಾ ವ್ಯಾನಲ್ಲಿ ಅರಚ್ತಿದೀಯ. ರಕ್ತ ಕಂಡ್ರೆ ಕಾಯಬೇಡಿ, ಬನ್ನಿ.'

'ಬಸ್ಸು ಹೊರಡುತ್ತೆ ಅಂತ ಕೂಗೋಳು ಎಲ್ಲಾ ಬಸ್ಸೂ ಹತ್ತಲೇಬೇಕೇನೇ?'

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಬಕೆಟ್ಟು ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹದಿನೈದು ದಿನ ಅವಳ ತಲೆ ತಿಂದೆ. ಹೊರಗೆ ವ್ಯಾನು, ಒಳಗೆ ರೇಡಿಯೋ. ಕೊನೆಗೆ ಒಂದು ಬೆಳಿಗ್ಗೆ ಮುಸುಕು ಎಳೆದುಕೊಂಡು, ನನಗಿಂತ ಮುಂಚೆಯೇ ಚಪ್ಪಲಿ ಮೆಟ್ಟಿ ನಿಂತಿದ್ದಳು. 'ನಡಿ. ನಂಗೂ ಒಂದು ಟೋಕನ್ ಕೊಡು. ಅಲ್ಲಿ ನಿಂಗೆ ನಾನು ಯಾರೋ, ನಂಗೆ ನೀನು ಯಾರೋ.'

ಆ ದಿನ ಲಂಬು ವ್ಯಾನಿನ ಜೊತೆ ಹೋಗಿದ್ದಳು, ಹಾಲಿನಲ್ಲಿ ನಾನೊಬ್ಬಳೇ. ಅತ್ತೆಯ ನಂಬರ್ ಬಂತು. ಎದ್ದು ಹೊರಗೆ ಹೋದಳು. ಮುಸುಕಿನ ಹೆಂಗಸು ಯಾರೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಮನಸ್ಸಿನಲ್ಲೇ ಮೇಡಂಗೆ ಜೈ ಅಂದೆ. ಪರದೆಯ ಆಚೆ ಕುರ್ಚಿ ಎಳೆದ ಸದ್ದು.

'ಮದುವೆ ಆಗಿ ಎಷ್ಟು ವರ್ಷ ಆಯ್ತಮ್ಮ?' ಸಿಸ್ಟರ್ ಕೇಳಿದರು. ಎಲ್ಲರಿಗೂ ಅವರದು ಮೊದಲ ಪ್ರಶ್ನೆ ಅದೇ.

'ಮದುವೆ ಆಗಿಲ್ಲ' ಎಂದಳು ಅತ್ತೆ.

ಮೆಲ್ಲಗೇ ಹೇಳಿದ್ದಳು. ಆದರೆ ಇಪ್ಪತ್ತೈದು ವರ್ಷ ಊರಿಗೆಲ್ಲ ಕೇಳುವಂತೆ ಮಾತಾಡಿದ ಗಂಟಲಿಗೆ ಮೆಲ್ಲಗೆ ಎಂಬುದು ಮರೆತೇಹೋಗಿರುತ್ತದೆ. ಆ ಎರಡು ಪದ ಹಾಲಿನ ಮಧ್ಯಕ್ಕೆ ಬಂದು ನಿಂತವು, ದುಂಡಗೆ, ಸ್ಪಷ್ಟವಾಗಿ.

ಬೆಂಚುಗಳ ಗುಜುಗುಜು ನಿಂತುಹೋಯಿತು.

'ಅಯ್ಯೋ, ಇದು ಮೈಕಮ್ಮ ಅಲ್ವಾ?'

'ಹ್ಞೂಂ ಕಣ್ರೀ, ಅವಳೇ.'

'ಮದುವೆ ಇಲ್ಲ ಅಂತಾಳೆ. ಮತ್ತೆ ಇಲ್ಲೇನು ಕೆಲ್ಸ ಅವಳಿಗೆ?'

'ಪಾಪ, ಬಸ್ಸು ತಪ್ಪಿ ಇಲ್ಲಿಗೆ ಬಂದಿರ್ಬೇಕು.'

ಕಿಸಕ್ಕನೆ ನಗು ಎದ್ದು ಒಂದು ಬೆಂಚಿನಿಂದ ಇನ್ನೊಂದಕ್ಕೆ ಹಬ್ಬಿತು. ಸದ್ದು ಮಾಡಿ ಮುಚ್ಚಿಬಿಡೋಣ ಎಂದು ನಾನು ಟೋಕನ್ನಿನ ಟ್ರೇಯನ್ನೇ ನೆಲಕ್ಕೆ ಬೀಳಿಸಿದೆ. ಬಿಲ್ಲೆಗಳು ಕಣಕಣ ಉರುಳಿದವು. ಅಷ್ಟರಲ್ಲಿ ಪರದೆಯ ಆಚೆ ಸಿಸ್ಟರ್ ಎರಡನೇ ಪ್ರಶ್ನೆ ಶುರು ಮಾಡಿದ್ದರು. 'ಮದುವೆ ಇಲ್ದಿದ್ರೂ ಪರವಾಗಿಲ್ಲಮ್ಮ, ಯಾವಾಗಾದ್ರೂ ಯಾರ ಜೊತೆಗಾದ್ರೂ ಸಂಬಂಧ...' ಕುರ್ಚಿ ಮತ್ತೆ ಎಳೆದ ಸದ್ದಾಯಿತು. ಆಮೇಲೆ ಓಣಿಯಲ್ಲಿ ಚಪ್ಪಲಿಯ ಸದ್ದು, ಬೇಗ ಬೇಗ.

ನಾನು ನೆಲದಲ್ಲಿ ಕೂತು ಬಿಲ್ಲೆ ಆರಿಸಿದೆ.

ಮಾರನೆಯ ದಿನ ಅತ್ತೆ ಬಸ್ ನಿಲ್ದಾಣದಲ್ಲಿ ಎಂದಿನಂತೆ ಬಸ್ಸು ಹೊರಡಿಸಿದಳು. ಗಾಜಿನ ಕೋಣೆಯ ಕೆಳಗೆ ಕಾಲೇಜು ಹುಡುಗರು ನಿಂತು ಮೇಲೆ ನೋಡುವುದು ಶುರುವಾಯಿತು. ಅವಳು ಗಾಜಿಗೆ ಒಳಗಿನಿಂದ ಹಳೆಯ ವೇಳಾಪಟ್ಟಿ ಅಂಟಿಸಿಬಿಟ್ಟಳು. ವ್ಯಾನು ಮಾತ್ರ ನಿಲ್ಲಲಿಲ್ಲ. ಬೇರೆಯವರ ದನಿ ಹಾಕಿ ಎಂದು ಅವಳು ಮೇಡಂಗೆ ಫೋನು ಮಾಡಿ ಕೇಳಿಕೊಂಡರೆ, 'ಅಯ್ಯೋ, ನಿಮ್ಮ ದನಿ ಕೇಳಿ ಎಷ್ಟು ಜನ ಬರ್ತಿದಾರೆ ಗೊತ್ತಾ!' ಎಂದು ಅವರು ಹೊಗಳಿ ಫೋನಿಟ್ಟರು. ವ್ಯಾನು ನಮ್ಮ ಬೀದಿಗೆ ತಿರುಗಿದ್ದು ಕೇಳಿದರೆ ಅತ್ತೆ ಎದ್ದು ಕಿಟಕಿ ಹಾಕುತ್ತಿದ್ದಳು. ಕಿಟಕಿ ಹಾಕಿದರೂ ಕೇಳುತ್ತಿತ್ತು. ಬನ್ನಿ, ಬನ್ನಿ ಎಂದು ತನ್ನದೇ ದನಿ ಕೆಳಗಿನಿಂದ ಕರೆಯುತ್ತಿದ್ದರೆ, ಅವಳು ಕುರ್ಚಿಯಲ್ಲಿ ಸೆಟೆದು ಕೂತಿರುತ್ತಿದ್ದಳು. ಅಪ್ಪನಿಗೆ ಹೇಳೋಣ ಎಂದರೆ ಅಪ್ಪ ಅವಳ ಜೊತೆ ಹವಾಮಾನದ ವಿಷಯ ಬಿಟ್ಟು ಬೇರೇನೂ ಮಾತಾಡಿದ್ದು ನಾನು ಕಂಡಿಲ್ಲ. ಊರಿಗಿದ್ದ ಒಬ್ಬರೇ ಲೇಡಿ ಡಾಕ್ಟರು ಈಗ ತಮ್ಮ ಕ್ಲಿನಿಕ್ಕಿಗೆ ಬೀಗ ಹಾಕಿ ಇದೇ ಕೇಂದ್ರದಲ್ಲಿ ಕೂರುತ್ತಿದ್ದರು. ಪಕ್ಕದ ಊರಿನ ಕೇಂದ್ರಕ್ಕೆ ಹೋದರೆ 'ನಿಮ್ಮ ವಾರ್ಡಿಗೇ ಹೋಗಿ' ಎಂದು ವಾಪಸ್ ಕಳಿಸುತ್ತಿದ್ದರು. ಯೋಜನೆ ಹೊಸದು, ಎಲ್ಲರೂ ನಿಯಮಕ್ಕೆ ಅಂಟಿಕೊಂಡಿದ್ದರು.

ರಕ್ತ ನಿಲ್ಲಲಿಲ್ಲ. ಒಂದು ದಿನ ನಾನು ಬಸ್ ನಿಲ್ದಾಣದಲ್ಲಿದ್ದಾಗ ಅವಳ ದನಿ ಒಂದು ವಾಕ್ಯದ ನಡುವೆ ನಿಂತುಹೋಯಿತು. 'ನಾಲ್ಕನೇ ಅಂಕಣದಲ್ಲಿ ನಿಂತಿರುವ ಬಸ್ಸು...' ಅಷ್ಟೆ. ಜನ ತಲೆಯೆತ್ತಿ ಕಾದರು. ಮೈಕಿನಲ್ಲಿ ಬರೀ ಉಸಿರು. ನಾನು ಮೆಟ್ಟಿಲು ಹಾರಿ ಹೋದರೆ, ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಬಾಗಿದ್ದಳು.

'ಅತ್ತೆ, ಮತ್ತೆ ಹೋಗೋಣ.'

ಕೈ ಚಾಚಿ ಮೈಕು ಆಫ್ ಮಾಡಿದಳು. 'ಹೋಗಿ? ಅವರ ಮುಂದೆ ಇನ್ನೇನು ಹೇಳ್ಲಿ? ಅದೊಂದು ಪ್ರಶ್ನೆ ಬಾಕಿ ಇದೆ ನೋಡು.'

'ನೀನು ಏನೂ ಹೇಳ್ಬೇಡ. ನಾನು ಹೇಳ್ತೀನಿ. ನೀನು ಮೂಗಿ.'

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ, ಹೊಟ್ಟೆ ನೋವಿನಲ್ಲೂ, ನಕ್ಕೇ ನಕ್ಕಳು. 'ಮೈಕಮ್ಮ ಮೂಗಿ! ಲೇ, ಬಸ್ಸುಗಳೂ ನಗ್ತಾವೆ.'

'ನಗಲಿ. ಹೌದು ಅಂದ್ರೆ ತಲೆ ಆಡ್ಸು. ಇಲ್ಲ ಅಂದ್ರೆ ಅಡ್ಡ ಆಡ್ಸು. ಲೆಕ್ಕ ಕೇಳಿದ್ರೆ ಬೆರಳು. ಮಾತೆಲ್ಲ ನಂದು.'

'ನಿಂಗೆ ಅದೊಂದೇ ತಾನೆ ಬರೋದು' ಎಂದಳು. ಬೇಡ ಅನ್ನಲಿಲ್ಲ.

ಮಾರನೆಯ ದಿನ ತಲೆನೋವೆಂದು ಲಂಬುವಿಗೆ ಹೇಳಿ ಡ್ಯೂಟಿಗೆ ಚಕ್ಕರ್ ಹೊಡೆದೆ. ಅತ್ತೆಯ ಟೋಕನ್ನು ನನ್ನ ಹತ್ತಿರ ಮೊದಲೇ ಇತ್ತು. ಹಾಲಿಗೆ ಹೋಗಲೇ ಇಲ್ಲ, ಹಿಂದಿನ ಓಣಿಯಲ್ಲೇ ಸರದಿ ಕಾದು ಒಳಗೆ ನುಗ್ಗಿದೆವು. ಸಿಸ್ಟರ್ ಅತ್ತೆಯ ಮುಸುಕನ್ನೂ ಮುಸುಕಿನ ಮೇಲಿನ ಕಣ್ಣನ್ನೂ ಒಂದು ಗಳಿಗೆ ನೋಡಿದರು. ನಾನು ಅವರ ಕಿವಿಯ ಹತ್ತಿರ ಬಾಗಿ 'ಇವರಿಗೆ ಮಾತು ಬರಲ್ಲ ಸಿಸ್ಟರ್' ಎಂದು ಪಿಸುಗುಟ್ಟಿದೆ. ಅವರಿಗೆ ಗುರುತು ಸಿಕ್ಕಿತೆಂದು ನನಗೆ ಗೊತ್ತಾಯಿತು. 'ಸರಿ' ಎಂದು ಪೆನ್ನಿನ ಮುಚ್ಚಳ ತೆಗೆದರು, ಅಷ್ಟೆ. ಪುಣ್ಯಾತ್ಗಿತ್ತಿ.

'ಮದುವೆ ಆಗಿದ್ಯಾ?'

ಅತ್ತೆ ತಲೆಯನ್ನು ಅಡ್ಡ ಆಡಿಸಿದಳು.

'ಆಗಿಲ್ಲ' ಎಂದೆ ನಾನು, ಹುರುಪಿನಲ್ಲಿ, ಸ್ಪಷ್ಟವಾಗಿ. ಗೆದ್ದೆವು ಅನ್ನಿಸಿತ್ತು. ಪರದೆಯ ಆಚೆ ಹಾಲಿನ ಗುಜುಗುಜು ತಟ್ಟನೆ ನಿಂತಾಗ ನನಗೆ ಹೊಳೆಯಿತು. ಅವರಿಗೆ ಅತ್ತೆಯೂ ಕಾಣುವುದಿಲ್ಲ, ತಲೆಯಾಡಿಸಿದ್ದೂ ಕಾಣುವುದಿಲ್ಲ. ಕೇಳುವುದು ನನ್ನ ದನಿ ಮಾತ್ರ. ವಾರಗಟ್ಟಲೆ ಅದೇ ಹಾಲಿನಲ್ಲಿ 'ಅಕ್ಕಾ ಟೋಕನ್, ಅಮ್ಮಾ ಟೋಕನ್' ಎಂದು ಕೂಗಿದ ದನಿ. ನಾವು ಅತ್ತೆಯ ದನಿ ಮುಚ್ಚಿಡುವುದನ್ನಷ್ಟೇ ಯೋಚಿಸಿದ್ದೆವು. ನನಗೂ ಒಂದು ದನಿ ಇದೆ ಎಂಬುದು ಇಬ್ಬರ ತಲೆಗೂ ಬಂದಿರಲಿಲ್ಲ.

'ಯಾರ ಜೊತೆಗಾದ್ರೂ ಸಂಬಂಧ ಇತ್ತಾ?' ಸಿಸ್ಟರ್ ದನಿ ತಗ್ಗಿಸಿ ಕೇಳಿದರು. ತಗ್ಗಿಸಿದರೂ ಕೇಳುವಷ್ಟು ನಿಶ್ಶಬ್ದವಿತ್ತು ಈಗ.

ಅತ್ತೆ ನನ್ನ ಮುಖ ನೋಡಲಿಲ್ಲ, ಮೇಜಿನ ಅಂಚು ನೋಡಿದಳು. ತಲೆ ಮೇಲಿನಿಂದ ಕೆಳಕ್ಕೆ ಒಮ್ಮೆ ಹೋಯಿತು.

ಪಿಸುಗುಟ್ಟಬಹುದಿತ್ತು. ಆದರೆ ಮೊದಲನೆಯದಕ್ಕೆ ಗಟ್ಟಿಯಾಗಿ ಉತ್ತರಿಸಿ ಇದಕ್ಕೆ ಪಿಸುಗುಟ್ಟಿದರೆ, ಅದು ಇನ್ನೂ ಜೋರಾಗಿ ಕೇಳುತ್ತದೆ.

'ಹೌದು' ಎಂದೆ.

'ಬಸುರಾಗಿದ್ದುಂಟಾ?'

ಅತ್ತೆಯ ಕೈ ಮಡಿಲಲ್ಲಿತ್ತು. ಅದರಿಂದ ಒಂದು ಬೆರಳು ಎದ್ದಿತು. ತೋರುಬೆರಳಲ್ಲ, ಕಿರುಬೆರಳು. ಮೈಕಿನ ಗುಂಡಿಯನ್ನು ವರ್ಷಗಟ್ಟಲೆ ಒತ್ತಿ ಒತ್ತಿ ತೋರುಬೆರಳು ಸೊಟ್ಟಗಾಗಿತ್ತು, ಅದು ಚಾಚುತ್ತಿರಲಿಲ್ಲ. ನಾನು ಆ ಕಿರುಬೆರಳನ್ನೇ ನೋಡುತ್ತಾ ಕೂತೆ. ಇಷ್ಟು ವರ್ಷದಲ್ಲಿ ನಾನು ಅವಳಿಗೆ ಎಷ್ಟು ಕಥೆ ಹೇಳಿದ್ದೆ. ಒಂದು ದಿನವೂ 'ನಿಂದೇನು' ಎಂದು ಕೇಳಿರಲಿಲ್ಲ.

'ಏನಮ್ಮ?' ಎಂದರು ಸಿಸ್ಟರ್.

'ಒಂದು ಸಲ.'

'ಮಗು ಇದೆಯಾ?'

ತಲೆ ಅಡ್ಡ ಆಡಿತು. ತುಂಬಾ ಮೆಲ್ಲಗೆ, ಕತ್ತು ನೋಯುತ್ತಿದೆಯೋ ಎಂಬಂತೆ.

'ಇಲ್ಲ.'

ಪರದೆಯ ಆಚೆ ಹಾಲಿನಲ್ಲಿ ಒಂದು ಬಿಲ್ಲೆ ಕೆಳಗೆ ಬಿತ್ತು. ಲಂಬುವಿನ ಕೈಯಿಂದಲೇ ಬಿದ್ದದ್ದು ಎಂದು ನನಗೆ ಗೊತ್ತು, ಅವಳ ಕೈ ಮೊದಲೇ ತೂತು.

ಪರೀಕ್ಷೆ ನಿಜಕ್ಕೂ ಕೆಲವೇ ನಿಮಿಷದ್ದು. ವ್ಯಾನು ಸುಳ್ಳು ಹೇಳಿರಲಿಲ್ಲ. ಅತ್ತೆ ಮೇಜಿನ ಮೇಲೆ ಮಲಗಿದಳು, ನಾನು ತಲೆಯ ಹತ್ತಿರ ನಿಂತೆ. ಡಾಕ್ಟರು ಮೈ ಸಡಿಲ ಬಿಡಲು 'ಒಂದು ಸಲ ಕೆಮ್ಮಿ' ಎಂದರು. ಕೆಮ್ಮಿನಲ್ಲೂ ಗುರುತು ಸಿಕ್ಕೀತೆಂದು ಅತ್ತೆ ಬಾಯಿಗೆ ಸೆರಗು ತುರುಕಿಕೊಂಡಳು. ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ, ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು.

ಅತ್ತೆಯನ್ನು ಆಟೋ ಹತ್ತಿಸಿ ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ. ಲಂಬು ಗೇಟಿನವರೆಗೆ ಓಡಿ ಬಂದಳು.

'ಏನೇ ಅದು? ತಲೆನೋವು ಅಂದೆ?'

'ಏನಿಲ್ಲ.'

'ಆಟೋದಲ್ಲಿ ಯಾರದು? ನಿಮ್ಮತ್ತೆ ಅಲ್ವಾ?' ಅವಳ ದನಿಯಲ್ಲಿ ಆಸೆ ಇತ್ತು. ನನ್ನನ್ನು ಉಳಿಸಿಕೊಳ್ಳುವ ಆಸೆ. 'ಅವರ ಪರವಾಗಿ ಮಾತಾಡಿದ್ಯಾ? ಅಷ್ಟೇ ತಾನೆ? ಹೇಳೇ, ನಾನು ಯಾರಿಗೂ ಹೇಳಲ್ಲ.'

ಹ್ಞೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆಯೊಳಗೆ ಗಾಜಿನ ಕೋಣೆಯ ಕೆಳಗೆ ಇಡೀ ಊರೇ ನಿಂತಿರುತ್ತಿತ್ತು. ಅತ್ತೆ ಆಮೇಲೆ ಆ ಮೆಟ್ಟಿಲು ಹತ್ತುತ್ತಿರಲಿಲ್ಲ, ಇನ್ನೊಮ್ಮೆ ಯಾವ ಆಸ್ಪತ್ರೆಗೂ ಬರುತ್ತಿರಲಿಲ್ಲ.

'ಅಲ್ಲ ಕಣೇ' ಎಂದೆ. 'ನಂದೇ. ಅತ್ತೆ ಜೊತೆಗೆ ಬಂದಿದ್ಲು.'

ಲಂಬು ನನ್ನ ಹೊಟ್ಟೆಯ ಕಡೆ ನೋಡಿದಳು. ನೋಡಬಾರದು ಎಂದುಕೊಂಡರೂ ನೋಡಿದಳು. 'ನಿಂಗೇನಾದ್ರೂ ಬೇಕಾದ್ರೆ ಹೇಳು' ಎಂದು ಮೆಲ್ಲಗೆ ಹೇಳಿ, ಓಡಿ ಬಂದವಳು ನಡೆದುಕೊಂಡು ವಾಪಸ್ ಹೋದಳು.

ಅವತ್ತು ಮನೆಯಲ್ಲಿ ನಾನು ಕಾಯುತ್ತಿದ್ದೆ. ಅತ್ತೆ ಸ್ನಾನ ಮಾಡಿದಳು, ಚಹಾ ಮಾಡಿದಳು, ಎರಡು ಲೋಟಕ್ಕೆ ಬಗ್ಗಿಸಿದಳು. ಕೊನೆಗೆ ನಾನೇ ಕೇಳಿದೆ. 'ಯಾರು ಅತ್ತೆ ಅದು?'

ಅವಳು ಗಂಟಲು ಮುಟ್ಟಿ ತೋರಿಸಿದಳು. 'ನೋಯ್ತಿದೆ ಕಣೇ, ರೇಡಿಯೋ. ಮಾತಾಡೋಕಾಗ್ತಿಲ್ಲ.' ಇಡೀ ದಿನ ಒಂದು ಮಾತೂ ಆಡಿರದ ಗಂಟಲು ಅದು.

ಕಾಲೇಜಿನಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ನಾನು ಬೆಂಚಿನಲ್ಲಿ ಕೂತರೆ ಪಕ್ಕದವರಿಗೆ ಏನೋ ಕೆಲಸ ನೆನಪಾಗುತ್ತಿತ್ತು, ಅಷ್ಟೆ. ಲಂಬುವಿನ ಅಮ್ಮ ನಮ್ಮ ಮನೆಗೆ ಹೋಗಬೇಡ ಎಂದರಂತೆ. ಅದನ್ನೂ ಲಂಬುವೇ ಬಂದು ಹೇಳಿದಳು, ಹೇಳದೆ ಇರಲು ಅವಳಿಗೆ ಆಗುವುದಿಲ್ಲವಲ್ಲ. ಹೇಳಿ ಅತ್ತಳು, ಆಮೇಲೆ ಬರಲಿಲ್ಲ. ಜೋಕು ಹೊಳೆದರೆ ಹೇಳಲು ಯಾರೂ ಸಿಗುತ್ತಿರಲಿಲ್ಲ. ಒಂದು ಸಲ ಲೈಬ್ರರಿಯಲ್ಲಿ ಒಬ್ಬಳೇ ನಕ್ಕುಬಿಟ್ಟೆ, ಎಲ್ಲರೂ ತಿರುಗಿ ನೋಡಿದರು.

ಫಲಿತಾಂಶದ ಫೋನು ಸಿಸ್ಟರೇ ಮಾಡಿದರು. ಫೋನು ನನಗೆ ಬಂತು, ಅತ್ತೆ ಮೂಗಿ ತಾನೆ. ಜೀವಕೋಶ ಸರಿಯಿಲ್ಲ, ದೊಡ್ಡಾಸ್ಪತ್ರೆಗೆ ಹೋಗಬೇಕು, ತಡ ಮಾಡಬೇಡಿ ಎಂದರು. ದೊಡ್ಡಾಸ್ಪತ್ರೆ ಇದ್ದದ್ದು ದೂರದ ನಗರದಲ್ಲಿ. ಅತ್ತೆ ರಜೆ ಹಾಕಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾರಿಯಲ್ಲಿ ಬಂದ ಪ್ರತಿ ನಿಲ್ದಾಣದ ಮೈಕನ್ನೂ ಕೇಳಿ, 'ಇವಳು ಮೂಗಿನಲ್ಲಿ ಮಾತಾಡ್ತಾಳೆ', 'ಇವನಿಗೆ ಉಸಿರೇ ಸಾಲಲ್ಲ' ಎಂದು ತೀರ್ಪು ಕೊಡುತ್ತಾ ಬಂದಳು. ಊರು ಹಿಂದೆ ಹೋದಷ್ಟೂ ಅವಳ ಮಾತು ಹೆಚ್ಚಾಯಿತು. ಮುಸುಕು ಯಾವಾಗ ಜಾರಿತೋ, ಮತ್ತೆ ಎಳೆದುಕೊಳ್ಳಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ. ಎರಡನೇ ಸಲ ಹೋದಾಗ, ವಯಸ್ಸಾದ ಡಾಕ್ಟರಮ್ಮ ಬಾಗಿಲಲ್ಲಿ ನನ್ನನ್ನು ತಡೆದು, 'ನೀವು ಹೊರಗಿರಿ, ಅವರೇ ಮಾತಾಡ್ಲಿ' ಎಂದರು.

'ಅವರಿಗೆ...' ಎಂದು ಶುರು ಮಾಡಿದ್ದೆ.

'ನಂಗೆ ಮಾತು ಬರುತ್ತೆ' ಎಂದಳು ಅತ್ತೆ. ಪಡಸಾಲೆಯಲ್ಲಿ ಕಾಯುತ್ತಿದ್ದವರು ಯಾರೂ ತಿರುಗಿ ನೋಡಲಿಲ್ಲ. ಆ ದನಿ ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಅತ್ತೆ ಒಂದು ಗಳಿಗೆ ನಿಂತು, ಯಾರೂ ನೋಡದಿರುವುದನ್ನು ನೋಡಿ, ಒಳಗೆ ಹೋದಳು.

ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ನಾನು, ನನ್ನ ಮಡಿಲಲ್ಲಿ ಅವಳ ಚೀಲ. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಬಾಗಿಲಿನಿಂದ ಈಚೆಗೆ ಬರುತ್ತಿತ್ತು. ಮೊದಲು ಚಿಕ್ಕ ಚಿಕ್ಕ ಉತ್ತರ. ಆಮೇಲೆ ಉದ್ದದ್ದು. ಇನ್ನೂ ಉದ್ದದ್ದು. ನಿಲ್ಲದೆ ಹರಿಯುತ್ತಿತ್ತು, ಬಸ್ಸಿನ ದನಿಯಲ್ಲ, ನಾನು ಕೇಳಿಯೇ ಇರದ ಬೇರೆಯದೇ ದನಿ, ಸ್ವಲ್ಪ ಒಡೆದದ್ದು. ಒಮ್ಮೆ ನಕ್ಕಳು. ಯಾರವನು, ಏನಾಯಿತು, ಆ ಒಂದು ಮಗುವಿನ ಗತಿ ಏನಾಯಿತು, ಎಲ್ಲವೂ ಆ ಬಾಗಿಲಿನ ಆಚೆ ಒಬ್ಬ ಅಪರಿಚಿತ ಹೆಂಗಸಿನ ಮುಂದೆ ಬಿಚ್ಚುತ್ತಿತ್ತು. ನಾನು ಎದ್ದು ಬಾಗಿಲಿಗೆ ಕಿವಿ ಇಡಬಹುದಿತ್ತು. ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡು ಕೂತೆ.

ಹೊರಗೆ ಬಂದಾಗ ಅವಳ ಕಣ್ಣು ಊದಿದ್ದವು, ಮುಖ ಮಾತ್ರ ಚೆನ್ನಾಗಿ ನಿದ್ದೆ ಮಾಡಿ ಎದ್ದವಳ ಹಾಗಿತ್ತು.

'ಚಿಕ್ಕದಂತೆ' ಎಂದಳು, ನನ್ನ ಪಕ್ಕ ಕೂತು. 'ಶುರುವಿನಲ್ಲೇ ಸಿಕ್ಕಿದೆಯಂತೆ. ತೆಗೆದುಹಾಕ್ತಾರಂತೆ. ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಬೇರೆ ಮಾತು ಅಂದ್ರು.'

ನನಗೆ ಕುಣಿಯಬೇಕು ಅನ್ನಿಸಿತು. 'ಅತ್ತೇ!' ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದೆ.

ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸುತ್ತಾ ಕೂತಳು. 'ಆ ಉದ್ದದ ಹುಡುಗಿ ಮನೆಗೆ ಬರ್ತಾನೇ ಇಲ್ವಲ್ಲ.'

'ಪರೀಕ್ಷೆ ಹತ್ರ ಬಂತಲ್ಲ, ಓದ್ತಿದಾಳೆ.'

'ಸುಳ್ಳು ಹೇಳ್ಬೇಡ. ಪರದೆ ಆಚೆ ಕೂತೋರಿಗೆ ಏನು ಕೇಳ್ಸಿರುತ್ತೆ ಅಂತ ನಂಗೆ ಅವತ್ತೇ ಗೊತ್ತಾಯ್ತು.' ಮುಚ್ಚಳವನ್ನು ಮತ್ತೆ ಬಿಗಿದಳು. 'ನಾನು ಹೇಳ್ಬಿಡ್ಲಾ ಅವಳಿಗೆ?'

'ಬೇಡ ಅತ್ತೆ.'

'ಸರಿ' ಎಂದಳು.

ತಕ್ಷಣ ಹೇಳಿದಳು. ಇನ್ನೊಂದು ಸಲ ಕೇಳುತ್ತಾಳೇನೋ ಎಂದು ನಾನು ಕಾದೆ. ಅವಳಿಗೂ ಅದು ಗೊತ್ತಾಯಿತೇನೋ, ನನ್ನ ಮಂಡಿಯ ಮೇಲೆ ಕೈ ಇಟ್ಟು, ಎದ್ದು, ವಾರ್ಡಿನ ಕಡೆ ನಡೆದಳು. ಅಲ್ಲಿ ಅವಳ ಹೆಸರು ಕೂಗುತ್ತಿದ್ದರು.

ಆಪರೇಷನ್ ಮುಗಿದಾಗ ಮಧ್ಯಾಹ್ನ. ಡಾಕ್ಟರಮ್ಮ ಟೋಪಿ ತೆಗೆಯುತ್ತಾ ಬಂದು 'ಚೆನ್ನಾಗಿ ಆಯ್ತು, ಪೂರ್ತಿ ತೆಗೆದಿದೀವಿ. ಇನ್ನು ಆಗಾಗ ಬಂದು ತೋರಿಸ್ಕೊಂಡು ಹೋದ್ರೆ ಸಾಕು' ಎಂದರು. ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು, ಅದು ಅವರ ಕಣ್ಣಲ್ಲಿತ್ತು. ನನ್ನ ಕೆನ್ನೆ ತಟ್ಟಿ ಹೋದರು.

ನಾನು ಫೋನು ಕೈಗೆತ್ತಿಕೊಂಡೆ. ಇಂಥ ಸುದ್ದಿಯನ್ನು ಒಂದು ನಿಮಿಷ ಇಟ್ಟುಕೊಂಡವಳಲ್ಲ ನಾನು. ಅಪ್ಪನಿಗೆ ಆಪರೇಷನ್ನಿನ ವಿಷಯವೇ ಗೊತ್ತಿಲ್ಲ, ಅತ್ತೆ ಗೆಳತಿಯ ಮನೆಗೆ ಹೋಗಿದ್ದಾಳೆ ಎಂದುಕೊಂಡಿದ್ದ. ಲಂಬುವಿನ ಹೆಸರಿನ ಮೇಲೆ ಬೆರಳು ಇಟ್ಟೆ. ಏನೆಂದು ಹೇಳುವುದು? ಯಾರಿಗೆ ಏನಾಗಿತ್ತು, ಯಾರು ಉಳಿದರು ಎಂದು? ಬೆರಳು ತೆಗೆದೆ. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿನಿಂದ ಕೆಳಗೆ ತಳ್ಳಿ ನೋಡಿದೆ, ಕೆಳಗಿನಿಂದ ಮೇಲೆ ತಳ್ಳಿ ನೋಡಿದೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಕನ್ನಡಕ ಒರೆಸಿಕೊಳ್ಳುತ್ತಾ ಕೂತಿದ್ದರು. ಯಾರಿಗಾಗಿ ಕಾಯುತ್ತಿದ್ದರೋ.

'ಅಜ್ಜಿ' ಎಂದೆ. 'ನಮ್ಮತ್ತೆ ಉಳ್ಕೊಂಡ್ಳು.'

'ಹ್ಞಾಂ?'

'ನಮ್ಮತ್ತೆ. ಉಳ್ಕೊಂಡ್ಳು.'

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ಒಮ್ಮೆ ನೋಡಿದರು. 'ಒಳ್ಳೇದಾಯ್ತು ಬಿಡಮ್ಮ' ಎಂದು, ಕನ್ನಡಕ ಮತ್ತೆ ತೆಗೆದು, ಇನ್ನೊಂದು ಗಾಜು ಒರೆಸತೊಡಗಿದರು.